ಕೊನೆಯ ನಿಲ್ದಾಣದಲ್ಲಿ ಏನು ಕೆಲಸ?

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವ ಓದುಗರಿಗೆ,

ನಮಸ್ಕಾರ. ನಿಮ್ಮ ಎರಡೂವರೆ ಪುಟದ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನೀವು ಮೂವತ್ತು ವರ್ಷ ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬಂದವರು. ಈಗ ನಿವೃತ್ತಿಯಾಗಿದೆ. ಆದರೂ ವಾರಕ್ಕೊಮ್ಮೆ, ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ, ಅದೇ ರೈಲು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಹಾಗೇ ವಾಪಸು ಬರುತ್ತೀರಿ. "ಅಲ್ಲಿ ಏನಪ್ಪಾ ಕೆಲಸ?" ಎಂದು ಮಗಳು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಇದು ಹುಚ್ಚೇ ಎಂಬುದು ನಿಮ್ಮ ಮೊದಲ ಪ್ರಶ್ನೆ. ಹಳೆಯ ಆ ಟಡಕ್-ಟಡಕ್ ಸದ್ದು ಎಲ್ಲಿ ಹೋಯಿತು ಎಂಬುದು ಎರಡನೆಯದು. ಅದಿಲ್ಲದೆ ಸುಖ ಅರ್ಧವಾಯಿತು ಎಂಬ ದೂರೂ ಜೊತೆಗಿದೆ.

ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅದು ಸುಲಭ. ಆ ಸದ್ದು ಬರುತ್ತಿದ್ದದ್ದು ಹಳಿಗಳ ನಡುವಿನ ಸಂದಿಯಿಂದ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. 13 ಮೀಟರ್ ಉದ್ದದ ಹಳಿ 40 ಡಿಗ್ರಿ ಹೆಚ್ಚು ಕಾದರೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೆಂದೇ ತುದಿಯಲ್ಲಿ ಚೂರು ಜಾಗ ಬಿಟ್ಟು, ಎರಡೂ ಬದಿಗೆ ಫಿಶ್ ಪ್ಲೇಟ್ ಎಂಬ ಉಕ್ಕಿನ ಪಟ್ಟಿ ಇಟ್ಟು ಬೋಲ್ಟು ಬಿಗಿಯುತ್ತಿದ್ದರು. ಗಾಲಿ ಆ ಸಂದಿಗೆ ಬಿದ್ದಾಗಲೆಲ್ಲ ಒಂದು ಪೆಟ್ಟು. ನಮಗೆ ಅದು ಲಾಲಿ, ಹಳಿಯ ತುದಿಗೆ ಮಾತ್ರ ಸುತ್ತಿಗೆ ಏಟು. ಆಮೇಲೆ ಹಳಿಗಳನ್ನು ಬೆಸುಗೆ ಹಾಕಿ ಕಿಲೋಮೀಟರುಗಟ್ಟಲೆ ಒಂದೇ ಪಟ್ಟಿ ಮಾಡುವ ಪದ್ಧತಿ ಬಂತು. ಹಾಗಾದರೆ ಬಿಸಿಲಿಗೆ ಅದು ಹಿಗ್ಗುವುದಿಲ್ಲವೇ? ಹಿಗ್ಗಲು ನೋಡುತ್ತದೆ, ಆದರೆ ಹಳಿಯಡಿಯ ಅಡ್ಡತೊಲೆ ಅಂದರೆ ಸ್ಲೀಪರು, ಹಳಿಯನ್ನು ಅದಕ್ಕೆ ಕಚ್ಚಿ ಹಿಡಿಯುವ ಕ್ಲಿಪ್ಪು, ಜಲ್ಲಿ ಮೂರೂ ಸೇರಿ ಬಿಡುವುದಿಲ್ಲ. ಆ ಒತ್ತಡವೆಲ್ಲ ಹಳಿಯ ಒಳಗೇ ಅದುಮಿಕೊಂಡಿರುತ್ತದೆ. ನಿಮ್ಮ ಕಾಲ ಕೆಳಗಿನ ಮೌನ ಅಷ್ಟೇನೂ ಶಾಂತವಾದದ್ದಲ್ಲ!

ಆದರೆ ಸುಖ ಅರ್ಧವಾಯಿತು ಎಂಬುದನ್ನು ನಾನು ಒಪ್ಪಲಾರೆ. ಹೊಸ ರೈಲು ಹೊರಡುವಾಗ ಕೆಳಗಿನಿಂದ ಒಂದು ಊಳಿಡುವ ದನಿ ಬರುತ್ತದಲ್ಲ, ಕಿವಿಗೊಟ್ಟಿದ್ದೀರಾ? ಮೋಟಾರಿಗೆ ಕೊಡುವ ವಿದ್ಯುತ್ತಿನ ಆವರ್ತನವನ್ನು ವೇಗಕ್ಕೆ ತಕ್ಕಂತೆ ಬದಲಾಯಿಸುವ ಇನ್ವರ್ಟರಿನಿಂದ ಹುಟ್ಟುವ ದನಿ ಅದು. ಜಪಾನಿನ ಕೇಕ್ಯು ಕಂಪನಿಯ ಕೆಲವು ರೈಲುಗಳಲ್ಲಿ ಸೀಮೆನ್ಸ್ ಎಂಜಿನಿಯರುಗಳು ಅದನ್ನು ಬೇಕೆಂದೇ ಸರಿಗಮ ಹೇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಏರುವಂತೆ ಹೊಂದಿಸಿದ್ದರು. 2021ರಲ್ಲಿ ಅಂಥ ಕೊನೆಯ ರೈಲೂ ಹಾಡು ನಿಲ್ಲಿಸಿತು. ಅದಕ್ಕೂ ಹಂಬಲಿಸುವ ಜನ ಇದ್ದಾರೆ. ನೀವು ಟಡಕ್-ಟಡಕ್‌ಗೆ ಹಂಬಲಿಸಿದ ಹಾಗೆಯೇ.

ಇನ್ನು ಹುಚ್ಚಿನ ವಿಚಾರ. ಲಂಡನ್ನಿನಲ್ಲಿ 1890ರಲ್ಲಿ ಸಿಟಿ ಅಂಡ್ ಸೌತ್ ಲಂಡನ್ ಎಂಬ ಸುರಂಗ ರೈಲು ಶುರುವಾಯಿತು, ವಿದ್ಯುತ್ತಿನಲ್ಲಿ ಓಡುವಂಥದ್ದು. ನೆಲದಡಿ ನೋಡಲು ಏನಿದೆ ಎಂದು ಅದರ ಡಬ್ಬಿಗಳಿಗೆ ಸರಿಯಾದ ಕಿಟಕಿಯನ್ನೇ ಇಡಲಿಲ್ಲ. ಮೇಲ್ಗಡೆ ಸೀಳುಗಂಡಿಯಂಥ ಗಾಜು, ಬೆನ್ನ ಹಿಂದೆ ಎತ್ತರದ ಮೆತ್ತೆ, ಅಷ್ಟೇ. ಜನ ಅದಕ್ಕಿಟ್ಟ ಅಡ್ಡಹೆಸರು ಹುಚ್ಚಾಸ್ಪತ್ರೆಯ ಮೆತ್ತೆಗೋಡೆಯ ಕೋಣೆಯದು. ಮುಂದಿನ ಡಬ್ಬಿಗಳಿಗೆ ಕಿಟಕಿ ಬಂತು. ಕತ್ತಲ ಗೋಡೆಯೇ ಆದರೂ ಅದು ಹಿಂದಕ್ಕೆ ಓಡುವುದು ಕಾಣಬೇಕು, ಅದಿಲ್ಲದಿದ್ದರೆ ತಲೆ ಕೆಡುತ್ತದೆ. ಹಾಗಾಗಿ ಕಿಟಕಿ ಪಕ್ಕ ಕೂರುವ ನೀವು ಗಟ್ಟಿಯಾಗಿಯೇ ಇದ್ದೀರಿ.

ಆ ಕಿಟಕಿಯಲ್ಲಿ ಕಾಣುವುದಾದರೂ ಏನು? ಹತ್ತಿರದ ಕಂಬ ಓಡಿಹೋಗುತ್ತದೆ, ನಡುವಿನ ನೀರಿನ ಟ್ಯಾಂಕು ಸಾವಕಾಶ ಮಗ್ಗುಲು ತಿರುಗುತ್ತದೆ, ಚಂದ್ರ ಮಾತ್ರ ಜೊತೆಗೇ ಬರುತ್ತಾನೆ. ಕಟ್ಟಡಗಳೆಲ್ಲ ರಸ್ತೆಯ ಕಡೆಗೆ ಮುಖ ತೊಳೆದು ನಿಂತಿರುತ್ತವೆ, ಹಳಿಯ ಕಡೆಗೆ ಬೆನ್ನು. ಒಣಹಾಕಿದ ಬಟ್ಟೆ, ಮುರಿದ ಕುರ್ಚಿ, ಹಿತ್ತಲ ಬಾಗಿಲಲ್ಲಿ ಫೋನು ಹಿಡಿದು ಯಾರ ಜೊತೆಗೋ ಜಗಳವಾಡುತ್ತಿರುವ ಮನುಷ್ಯ. ಅವನ ಜಗಳದ ಕೊನೆ ನಮಗೆ ಎಂದೂ ತಿಳಿಯುವುದಿಲ್ಲ. ಪಕ್ಕದ ಹಳಿಯ ರೈಲು ಹೊರಟರೆ ನಮ್ಮದೇ ಹೊರಟಿತು ಎಂದು ಹೊಟ್ಟೆಯೊಳಗೆ ಒಂದು ಜಾರಿಕೆ. ಸಾವಿರ ಸಲ ಮೋಸ ಹೋದರೂ ಮತ್ತೆ ಹೋಗುತ್ತೇವೆ.

ನನ್ನದೂ ಒಂದು ಹೇಳುತ್ತೇನೆ. ಹಿಂದೆ ನಾನು ಕರಡು ತಿದ್ದುತ್ತಿದ್ದದ್ದು ರೈಲಿನಲ್ಲೇ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಹಿರಿಯರೊಬ್ಬರು ಹಾಳೆ ನೋಡಿ, "ಸಾರ್, ಇಲ್ಲಿ ಪಾಯಿಂಟ್ಸ್ ದಾಟಿದೆ" ಎನ್ನುತ್ತಿದ್ದರು. ಹೌದು, ಹಳಿ ಕವಲೊಡೆಯುವ ಜಾಗದಲ್ಲಿ ಡಬ್ಬಿ ಅಡ್ಡ ಕುಲುಕಿ ಪೆನ್ಸಿಲು ಅಂಚಿನವರೆಗೆ ಗೀಚಿರುತ್ತಿತ್ತು. ಮನೆಯ ಮೇಜಿನ ಮೇಲೆ ತಿದ್ದಿದಾಗ ಗೀಚು ಇರುತ್ತಿರಲಿಲ್ಲ, ತಪ್ಪುಗಳು ಹೆಚ್ಚು ಉಳಿಯುತ್ತಿದ್ದವು. ಇದು ಯಾಕೆ ಎಂದು ಬಹಳ ದಿನ ಯೋಚಿಸಿದ್ದೇನೆ. ಮನೆಯಲ್ಲಿ ಸುಮ್ಮನೆ ಕೂತರೆ ಯಾಕೆ ಸುಮ್ಮನೆ ಕೂತಿದ್ದೀರಿ ಎಂದು ಯಾರಾದರೂ ಕೇಳುತ್ತಾರೆ. ಯಾರೂ ಕೇಳದಿದ್ದರೆ ನಾವೇ ಕೇಳಿಕೊಳ್ಳುತ್ತೇವೆ. ರೈಲಿನಲ್ಲಿ ಆ ಪ್ರಶ್ನೆಗೆ ಜಾಗವಿಲ್ಲ. ಹೋಗುತ್ತಿದ್ದೇನಲ್ಲ, ಸಾಲದೇ? ಸ್ಟಿಯರಿಂಗ್ ನನ್ನ ಕೈಲಿಲ್ಲ, ದಾರಿ ಹಳಿಯದ್ದು, ತಡವಾದರೆ ತಪ್ಪು ನನ್ನದಲ್ಲ. ಕಚೇರಿಗೂ ಮನೆಗೂ ನಡುವಿನ ಆ ಮುಕ್ಕಾಲು ಗಂಟೆ ಯಾರ ಲೆಕ್ಕಕ್ಕೂ ಸೇರದ್ದು. ನಿಮ್ಮ ಮೂವತ್ತು ವರ್ಷದ ನೌಕರಿಯಲ್ಲಿ ನಿಮ್ಮದೇ ಎನ್ನಬಹುದಾದ ಹೊತ್ತು ಬಹುಶಃ ಅದೊಂದೇ. ನಿವೃತ್ತಿಯಾದಾಗ ಕೆಲಸ ಬಿಟ್ಟಿರಿ, ಜೊತೆಗೆ ಅದೂ ಹೋಯಿತು. ಅದನ್ನು ಹುಡುಕಿಕೊಂಡು ಮತ್ತೆ ರೈಲು ಹತ್ತುತ್ತಿದ್ದೀರಿ ಎಂದು ನನ್ನ ಊಹೆ.

ಬೆಳಗಿನ ಒಂಬತ್ತು ಗಂಟೆಯ ನೂಕುನುಗ್ಗಲಲ್ಲಿ ಒಂಟಿ ಕಾಲಲ್ಲಿ ನಿಂತು ಇದನ್ನು ಓದುತ್ತಿರುವವರು ನನ್ನನ್ನು ಶಪಿಸಬಹುದು. ಶಪಿಸಲಿ. ಅವರಿಗೂ ಒಂದು ದಿನ ಮಧ್ಯಾಹ್ನದ ರೈಲು ಸಿಗಲಿ.

ಮಗಳಿಗೆ ಉತ್ತರ ಬೇಕಿದ್ದರೆ ಟೋಕಿಯೋದ ಯಾಮಾನೋತೆ ಮಾರ್ಗವನ್ನು ತೋರಿಸಿ. 34.5 ಕಿಲೋಮೀಟರ್, 30 ನಿಲ್ದಾಣ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. 1925ರಿಂದ ಅದು ಪೂರ್ತಿ ಉಂಗುರ. ಕೊನೆಯ ನಿಲ್ದಾಣವೇ ಇಲ್ಲದ ಮೇಲೆ ಅಲ್ಲಿ ಏನು ಕೆಲಸ ಎಂದು ಯಾರು ಕೇಳುತ್ತಾರೆ?

ಅಂದಹಾಗೆ, ಬೆಸುಗೆ ಕಾಣದ ಹಳೆಯ ಹಳಿ ಅಲ್ಲಲ್ಲಿ ಇನ್ನೂ ಉಳಿದಿರುತ್ತದೆ. ಅಂಥ ತುಂಡು ಸಿಕ್ಕರೆ ಗಡಿಯಾರ ಹಿಡಿದು 47 ಸೆಕೆಂಡು ಎಣಿಸಿ. ಒಂದು ಸಂದಿಗೆ ಒಂದೇ ಲೆಕ್ಕ, ಹಿಂದಿನ ಗಾಲಿಯ ಪೆಟ್ಟನ್ನು ಸೇರಿಸಬೇಡಿ. 13 ಮೀಟರಿನ ಹಳಿಯಾದರೆ ಎಣಿಕೆ ಎಷ್ಟು ಬಂತೋ ಅಷ್ಟೇ ಕಿಲೋಮೀಟರ್ ವೇಗದಲ್ಲಿ ನೀವು ಹೋಗುತ್ತಿದ್ದೀರಿ. ನನಗೆ ಒಮ್ಮೆ 52 ಬಂದಿತ್ತು. ನಿಮಗೆಷ್ಟು ಬಂತು ಎಂದು ಒಂದು ಕಾರ್ಡು ಹಾಕಿ.

— ಸಂಪಾದಕ