ಒಂದೇ ಗೂಡಿನ ಎಳೆ ಹೊರಗೆ ದಪ್ಪ, ಒಳಗೆ ಸಣ್ಣ ಯಾಕೆ?

ಪ್ರಶ್ನೆ: ನಾವು ರೇಷ್ಮೆ ಸಾಕುತ್ತೇವೆ. ಒಂದೇ ಗೂಡಿನಲ್ಲಿ ಎಳೆ ಹೊರಗೊಂದು ಥರ, ಒಳಗೊಂದು ಥರ ಇರುತ್ತದೆ ಅಂತ ರೀಲರ್ (ಗೂಡಿನಿಂದ ನೂಲು ತೆಗೆಯುವವರು) ಒಬ್ಬರು ಹೇಳಿದರು. ಇದು ನಮ್ಮ ಸಾಕಣೆಯ ತಪ್ಪಾ? ಟಸಾರ್, ಎರಿ ಎಂಬ ಬೇರೆ ಜಾತಿಯ ರೇಷ್ಮೆ ಗೂಡುಗಳಲ್ಲೂ ಹೀಗೇನಾ?
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ತಪ್ಪು ನಿಮ್ಮದಲ್ಲ, ಹುಳು ಗೂಡು ಕಟ್ಟುವುದೇ ಹಾಗೆ. ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ಹುಳು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಹತ್ತಿದಾಗ ಅದರ ರೇಷ್ಮೆ ಗ್ರಂಥಿ ತುಂಬಿರುತ್ತದೆ. ಎರಡು ಮೂರು ದಿನ ನೂಲುತ್ತಾ ಹೋದಂತೆ ಗ್ರಂಥಿ ಖಾಲಿಯಾಗುತ್ತದೆ, ಎಳೆಯೂ ಸಣ್ಣಗಾಗುತ್ತದೆ. ಹೊರಪದರದಲ್ಲಿ ಸುಮಾರು 3 ಡೆನಿಯರ್ ಇದ್ದದ್ದು ಒಳಗೆ ಹೋಗುವಷ್ಟರಲ್ಲಿ ಅರ್ಧಕ್ಕೆ ಇಳಿದಿರುತ್ತದೆ (9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದೇ ಡೆನಿಯರ್). ಸಣ್ಣ ಅಂದರೆ ಕಳಪೆ ಅಂದುಕೊಳ್ಳಬೇಡಿ. ಅದರ ದಪ್ಪದ ಲೆಕ್ಕದಲ್ಲಿ ನೋಡಿದರೆ ಒಳಗಿನ ಎಳೆಯೇ ಗಟ್ಟಿ, ಆದರೆ ಹಿಗ್ಗುವುದು ಕಡಿಮೆ. ಎಳೆಗೆ ಮೆತ್ತಿರುವ ಅಂಟು ಹೊರಗೇ ಜಾಸ್ತಿ.

ಒಂದು ಗೂಡನ್ನು ಬಿಸಿನೀರಿಗೆ ಹಾಕಿ ನೀವೇ ನೋಡಬಹುದು. ಮೊದಲು ಸಿಕ್ಕುಸಿಕ್ಕಾದ ಜುಂಗು ಬರುತ್ತದೆ, ಅದನ್ನು ತೆಗೆದ ಮೇಲೆ ಒಂಟಿ ಎಳೆ ಸಿಗುತ್ತದೆ, ಬಿಚ್ಚುತ್ತಾ ಬಿಚ್ಚುತ್ತಾ ಕೊನೆಗೆ ಒಳಗಿನ ಪ್ಯೂಪಾ (ಕೋಶಾವಸ್ಥೆಯ ಹುಳು) ಕಾಣುವಷ್ಟು ತೆಳುವಾದ, ಈರುಳ್ಳಿ ಸಿಪ್ಪೆಯಂಥ ಪೊರೆ ಉಳಿಯುತ್ತದೆ, ಅದು ಬಿಚ್ಚಲು ಬರುವುದಿಲ್ಲ. ರೀಲರ್‌ಗಳು ಹಲವು ಗೂಡುಗಳ ಎಳೆ ಸೇರಿಸಿ ನೂಲು ತೆಗೆಯುತ್ತಾರೆ, ಎಳೆಯ ಈ ಏರುಪೇರನ್ನು ಸರಿದೂಗಿಸುವುದೂ ಆಗಲೇ. ಒಂದು ಗೂಡು ಕೊನೆಗೆ ಬಂದಿರುವಾಗ ಇನ್ನೊಂದು ಆಗಷ್ಟೇ ಶುರುವಾಗಿದ್ದರೆ ನೂಲಿನ ದಪ್ಪ ಸರಿತೂಗುತ್ತದೆ. ಅವರ ಕೈಚಳಕ ಇರುವುದು ಅಲ್ಲೇ.

ಇನ್ನು ಟಸಾರ್. ಚಿಕ್ಕಮಗಳೂರು ಕಡೆ ಕಾಡಿನಲ್ಲಿ ಮತ್ತಿ ಮರ ನೋಡಿರುತ್ತೀರಿ ಅಲ್ವಾ, ಅದರ ಎಲೆ ಟಸಾರ್ ಹುಳಕ್ಕೆ ಆಹಾರ. ಸಾಕಣೆ ಮಾತ್ರ ಜಾರ್ಖಂಡ್, ಛತ್ತೀಸ್‌ಗಢದ ಕಡೆ ಹೆಚ್ಚು. ಟಸಾರ್ ಎಳೆ ನಮ್ಮ ಹಿಪ್ಪುನೇರಳೆ ರೇಷ್ಮೆ ಎಳೆಗಿಂತ ಎಷ್ಟೋ ದಪ್ಪ. ಅಡ್ಡಡ್ಡ ಕತ್ತರಿಸಿ ನೋಡಿದರೆ ನಮ್ಮದು ಮೂರು ಮೂಲೆಯಾಗಿ, ಅದು ಚಪ್ಪಟೆಯಾಗಿ ಕಾಣುತ್ತದೆ. ಅಂಟು ಕಡಿಮೆ, ಆದರೂ ಗೂಡು ಕಲ್ಲಿನ ಹಾಗೆ ಗಟ್ಟಿ, ಬರೀ ಬಿಸಿನೀರಿಗೆ ಬಗ್ಗುವುದಿಲ್ಲ. ಎಳೆದರೆ ನಮ್ಮ ರೇಷ್ಮೆಗಿಂತ ಜಾಸ್ತಿ ಹಿಗ್ಗುತ್ತದೆ. ಹೊರಗೆ ದಪ್ಪ, ಒಳಗೆ ಸಣ್ಣ ಅನ್ನುವುದು ಅಲ್ಲೂ ಇದೆ, ಅಸ್ಸಾಮಿನ ಮೂಗಾ ರೇಷ್ಮೆಯಲ್ಲೂ ಇದೆ. ಎರಿ ಗೂಡಿಗೆ ಒಂದು ತುದಿ ತೆರೆದೇ ಇರುತ್ತದೆ. ಉದ್ದಕ್ಕೆ ಬಿಚ್ಚಲು ಆಗದ ಕಾರಣ ಅದನ್ನು ಹತ್ತಿಯಂತೆ ನೂಲುತ್ತಾರೆ.

ನಿಮ್ಮ ಕೈಯಲ್ಲಿರುವುದು ಎರಡು ಕೆಲಸ. ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ಎದ್ದ ಮೇಲೆ ಸೊಪ್ಪಿಗೆ ಕೊರತೆ ಮಾಡಬೇಡಿ, ಗ್ರಂಥಿ ಬೆಳೆಯುವುದು ಆಗಲೇ. ಚಂದ್ರಿಕೆ ಇಟ್ಟ ಜಾಗದಲ್ಲಿ ಗಾಳಿ ಆಡಲಿ, ತೇವ ಜಾಸ್ತಿಯಾದರೆ ಗೂಡು ಸಲೀಸಾಗಿ ಬಿಚ್ಚುವುದಿಲ್ಲ.