ಪ್ರತಿಕ್ರಿಯೆ: ಶಾರ್ಟ್ಸ್‌ಗೆ ಜನ ಬರ್ತಾರೆ, ದೊಡ್ಡ ವಿಡಿಯೊ ನೋಡಲ್ಲ

ಶಾರ್ಟ್ಸ್‌ನಿಂದ (ಯೂಟ್ಯೂಬ್‌ನ ಪುಟ್ಟ ವಿಡಿಯೊಗಳಿಂದ) 900 ಸಬ್‌ಸ್ಕ್ರೈಬರ್ ಬಂದರೂ ನಿಮ್ಮ ಹತ್ತು ನಿಮಿಷದ ಅಡುಗೆ ವಿಡಿಯೊಗಳು ಓಡದಿರಲು ಕಾರಣ ಬಹುಶಃ ಮೊದಲ ಅರ್ಧ ನಿಮಿಷ. ವಿಡಿಯೊ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನ್ನ ಚಾನೆಲ್‌ನಲ್ಲೂ ಹೀಗೇ ಆಗಿತ್ತು.

ಮೊದಲು ಯೂಟ್ಯೂಬ್ ಸ್ಟುಡಿಯೊದಲ್ಲಿ (ಚಾನೆಲ್ ನಿರ್ವಹಿಸುವ ಜಾಗ) ಒಂದು ವಿಡಿಯೊದ ಅನಾಲಿಟಿಕ್ಸ್ (ಅಂಕಿಅಂಶ) ತೆರೆದು ರಿಟೆನ್ಷನ್ ಗೆರೆ, ಅಂದರೆ ಯಾವ ಕ್ಷಣದಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದರು ಎಂದು ತೋರಿಸುವ ಗೆರೆ, ನೋಡಿ. ಶುರುವಿನಲ್ಲೇ ಧಡಕ್ಕನೆ ಇಳಿದಿದ್ದರೆ ತೊಂದರೆ ಅಲ್ಲೇ ಇದೆ. ನನ್ನ ಅಕ್ಕಿರೊಟ್ಟಿ ವಿಡಿಯೊದಲ್ಲಿ ಲೋಗೊ, ನಮಸ್ಕಾರ, 'ಸಬ್‌ಸ್ಕ್ರೈಬ್ ಮಾಡಿ' ಎಲ್ಲ ಸೇರಿ 40 ಸೆಕೆಂಡ್ ತಿಂದಿದ್ದವು. ಸ್ಟುಡಿಯೊದ ಎಡಿಟರ್‌ನಲ್ಲೇ ಅಷ್ಟನ್ನೂ ಕತ್ತರಿಸಿದೆ. ಈಗ ನೇರ ಹಿಟ್ಟಿಗೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಬೀಳುವಲ್ಲಿಂದ ಶುರು. ಹೆದರಬೇಡಿ, ಹೀಗೆ ಕತ್ತರಿಸಿದರೆ ಲಿಂಕ್, ವ್ಯೂಸ್, ಕಾಮೆಂಟ್ ಯಾವುದೂ ಹೋಗುವುದಿಲ್ಲ.

ಆಮೇಲೆ ಪ್ರತಿ ಶಾರ್ಟ್ಸ್‌ಗೂ ಅದೇ ಅಡುಗೆಯ ಪೂರ್ತಿ ವಿಡಿಯೊವನ್ನು 'ರಿಲೇಟೆಡ್ ವಿಡಿಯೊ' ಜಾಗದಲ್ಲಿ ಜೋಡಿಸಿ. ಶಾರ್ಟ್ಸ್ ಕಾಮೆಂಟ್‌ನಲ್ಲಿ ಸುಮ್ನೆ ಲಿಂಕ್ ಹಾಕಬೇಡಿ, 2023ರಿಂದ ಅದು ಕ್ಲಿಕ್ ಆಗಲ್ಲ.

ಜಾಹೀರಾತಿನ ಹಣಕ್ಕೆ ಬೇಕಾದ 4,000 ಗಂಟೆಗಳ ವೀಕ್ಷಣೆಗೆ ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ್ದು ಸೇರುವುದಿಲ್ಲ ಅಲ್ವಾ, ಹಾಗಾಗಿ ಸದ್ಯಕ್ಕೆ ದೊಡ್ಡ ವಿಡಿಯೊಗೇ ಜಾಸ್ತಿ ಸಮಯ ಕೊಡಿ. ಶುರು ಬದಲಿಸಿ ಎರಡು ಹೊಸ ವಿಡಿಯೊ ಹಾಕಿ, ಅದೇ ಗೆರೆಯನ್ನು ಹಳೆಯದರ ಪಕ್ಕ ಇಟ್ಟು ನೋಡಿ.