ಪ್ರತಿ: ವಿಡಿಯೊ ನೋಡಿ ತಂದ ಇಬ್ಬರು ಹಾಕಿ ಫಾರ್ವರ್ಡ್‌ಗಳು ಗೋಲ್ ಹೊಡೆಯುತ್ತಿಲ್ಲ, ಮೂರನೆಯವನನ್ನು ತರೋಣವಾ?

ಟರ್ಫ್‌ನಲ್ಲಿ (ಕೃತಕ ಹುಲ್ಲಿನ ಮೈದಾನ) ಆಡಿದ ವಿಡಿಯೊ ನೋಡಿ ಆರಿಸಿದ್ದೇ ಎಡವಟ್ಟಾಗಿರಬೇಕು. ದಾವಣಗೆರೆಯಲ್ಲಿ ನೀವು ಆಡೋದು ಮಣ್ಣಿನ ಮೈದಾನ. ಚೆಂಡು ಪುಟಿಯುತ್ತದೆ, ಟ್ರ್ಯಾಪ್ ಮಾಡುವಾಗಲೇ, ಅಂದ್ರೆ ತಡೆದು ನಿಲ್ಲಿಸುವಾಗಲೇ, ಸ್ಟಿಕ್ಕಿಗೆ ತಾಗಿ ಎರಡಡಿ ಆಚೆ ಹೋಗುತ್ತದೆ. ಗೋಲ್ ಎಲ್ಲಿಂದ ಬರಬೇಕು? ಫಿಟ್‌ನೆಸ್ಸೂ ಕಾರಣ ಇರಬಹುದು, ಆಟ ನೋಡದೆ ಹೇಳಲು ಆಗಲ್ಲ.

ಅವರನ್ನು ಈಗಲೇ ಬಿಡಬೇಡಿ. ಮೊದಲು ಒಂದು ವಾರ ಬರೀ ಟ್ರ್ಯಾಪ್ ಮಾಡಿಸಿ, ಅದೂ ಪುಟಿದು ಬರುವ ಚೆಂಡು. ಆಮೇಲೆ ನಿಮ್ಮ ಹುಡುಗರಲ್ಲೇ ಒಂದು ಪೂರ್ತಿ ಮ್ಯಾಚ್ ಆಡಿಸಿ, 15 ನಿಮಿಷದ 4 ಕ್ವಾರ್ಟರ್. ಕೊನೆ ಕ್ವಾರ್ಟರ್‌ನಲ್ಲಿ ಚೆಂಡು ನೋಡಬೇಡಿ, ಇವರಿಬ್ಬರನ್ನೇ ನೋಡಿ. ಚೆಂಡು ಕಳೆದುಕೊಂಡಾಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರಾ, ಹಿಂದಕ್ಕೆ ಓಡಿ ಬರುತ್ತಾರಾ? ಡ್ರಿಬ್ಲಿಂಗ್‌ಗೆ ಮರುಳಾಗಿ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಈಗ ನಾನು ಜಾಸ್ತಿ ನೋಡೋದು ಹಿಂದಕ್ಕೆ ಓಡಿ ಬರುತ್ತಾರಾ ಅನ್ನೋದನ್ನೇ.

ಮೂರನೇ ಫಾರ್ವರ್ಡ್ ಸುಮ್ನೆ ಖರ್ಚು. ಅದೇ ದುಡ್ಡಿಗೆ ಪೆನಾಲ್ಟಿ ಕಾರ್ನರ್ (ಗೋಲ್ ಹತ್ತಿರ ಎದುರಾಳಿ ತಪ್ಪು ಮಾಡಿದಾಗ ಸಿಗುವ ಹೊಡೆತ) ಹೊಡೆಯುವ ಡಿಫೆಂಡರ್ ಹುಡುಕಿ. ಕಾರ್ನರ್ ತಡೆಯೋಕೆ ಎದುರಿಗೆ ಗೋಲ್‌ಕೀಪರ್ ಸೇರಿ ಐದೇ ಜನ ಅಲ್ವಾ? ಸಿಕ್ಕವನಿಂದ ನಿಮ್ಮ ಮೈದಾನದಲ್ಲೇ ಹತ್ತು ಕಾರ್ನರ್ ಹೊಡೆಸಿ, ದುಡ್ಡಿನ ಮಾತು ಆಮೇಲೆ.